ಕಡಲಿಲ್ಲದ ಊರಿನ ಉಪ್ಪುನೀರು

ಹುಬ್ಬಳ್ಳಿಗೆ ಕಡಲಿಲ್ಲ. ಅಲೆ ನೋಡಬೇಕೆಂದರೆ ಘಟ್ಟ ಇಳಿಯಬೇಕು. ಆದರೂ ಉಪ್ಪುನೀರಿಗೆ ನಮ್ಮಲ್ಲಿ ಕೊರತೆಯಿಲ್ಲ. ನಳದ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ. ಕಣ್ಣೀರು ಮಾತ್ರ ಇಪ್ಪತ್ತನಾಲ್ಕು ತಾಸೂ ಪೂರೈಕೆ. ಅದೂ ಮೀಟರಿಲ್ಲದೆ.

ಈ ಸಲದ ಅಳುವಿಗೆ ಕಾರಣ ಒಂದು ಫೋಟೊ. ಕಪ್ಪು-ಬಿಳುಪು. ಕಾರವಾರದ ದಂಡೆಯಲ್ಲಿ ಒಂದು ಕಾಲಕ್ಕೆ ಇತ್ತೆನ್ನುವ ಹೋಟೆಲು. ಹಂಚಿನ ಮಾಡು, ಉದ್ದನ್ನ ಪಡಸಾಲೆ, ಬೆತ್ತದ ಕುರ್ಚಿ, ಹಿಂದೆ ಗಾಳಿಮರದ ಸಾಲು. ಅಂಗಳದಲ್ಲಿ ಅಂಬಾಸಡರ್. ಅದರ ಬಾನೆಟ್ಟಿನ ಮೇಲೆ ಕುಲಾಯಿ ಕಟ್ಟಿಸಿಕೊಂಡ ಕೂಸು. ಫೋಟೊ ವಾಟ್ಸ್‌ಆ್ಯಪ್ ಬಳಗಕ್ಕೆ ಬೆಳಿಗ್ಗೆ ಬಿತ್ತು. ಮಧ್ಯಾಹ್ನದ ಊಟದೊಳಗೆ ಧಾರವಾಡದ ಅರ್ಧ ನಿವೃತ್ತ ಪ್ರಾಧ್ಯಾಪಕರು, ಹುಬ್ಬಳ್ಳಿಯ ಅರ್ಧ ಸಾವಕಾರರು ತೊಯ್ದು ತೊಪ್ಪೆಯಾಗಿದ್ದರು.

“ಏನ್ ದಿನಾ ಇದ್ದುವ್ರಿ ಅವು!”

“ನಮ್ಮ ಅಪ್ಪಾರು ಪ್ರತಿ ಮೇ ತಿಂಗಳಾ ಕರ್ಕೊಂಡು ಹೋಗ್ತಿದ್ರು.”

“ಅಲ್ಲಿ ಸಿಗ್ತಿದ್ದಂಥಾ ಮೀನ ಈಗೆಲ್ಲಿ ಸಿಗತಾವ್ರಿ.” ಇದನ್ನು ಬರೆದವರ ಅಡುಗೆಮನೆಗೆ ಉಳ್ಳಾಗಡ್ಡಿಗೂ ಪ್ರವೇಶವಿಲ್ಲ. ಘಟ್ಟ ಇಳಿದರೆ ಆಚಾರಕ್ಕೂ ಸೂಟಿ ಎಂದು ನನಗೆ ಅವತ್ತೇ ಗೊತ್ತಾಗಿದ್ದು.

ನಾನೊಂದು ಪ್ರಶ್ನೆ ಹಾಕಿದೆ. ಕಾರವಾರಕ್ಕ ಕಡೀ ಸಲ ಯಾವಾಗ ಹೋಗಿದ್ರಿ?

ಬಳಗ ಗಪ್‌ಚಿಪ್. ಆಮೇಲೆ ಯಾರೋ ಒಂದು ಶುಭಸಂಜೆಯ ಗುಲಾಬಿ ಕಳಿಸಿ ವಿಷಯ ಮುಗಿಸಿದರು.

ಹೋಗಿಲ್ಲ. ಯಾಕೆ ಹೋಗುತ್ತಾರೆ? ಅನಮೋಡ ಘಾಟ ಇಳಿದರೆ ಗೋವಾ. ಅಲ್ಲಿ ಬಾಟಲಿ ಅಗ್ಗ, ಪರಿಚಯದ ಕಣ್ಣು ಕಡಿಮೆ. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವ ಕಷ್ಟ ಯಾರಿಗೆ ಬೇಕು? ವರ್ಷಗಟ್ಟಲೆ ಗಾಡಿಯ ಮುಖ ಆ ಕಡೆ ತಿರುಗಿಸಿದವರೇ ಈ ಕಡೆಯ ಹೋಟೆಲು ಯಾಕೆ ಮುಚ್ಚಿತೆಂದು ಕೇಳುತ್ತಿದ್ದಾರೆ. ನೀವು ಬರಲಿಲ್ಲ, ಅದಕ್ಕೆ ಮುಚ್ಚಿತು. ಇದಕ್ಕೆ ಪಿಎಚ್‌.ಡಿ. ಬೇಕಿಲ್ಲ. ಧಾರವಾಡದಲ್ಲಿ ಅದನ್ನೂ ಯಾರಾದರೂ ಮಾಡಿಯಾರು, ಆ ಮಾತು ಬೇರೆ.

ಹೋಟೆಲು ಹೋಗಲಿ. ದಂಡೆಯೇ ಹೋಯಿತಲ್ಲ, ಅದಕ್ಕೆ ಯಾರು ಅತ್ತರು?

1986ರಲ್ಲಿ ರಾಜೀವ್ ಗಾಂಧಿ ಬಂದು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. 2005ರಲ್ಲಿ ಐಎನ್‌ಎಸ್ ಕದಂಬ ಶುರುವಾಯಿತು. ನಡುವೆ ಕಾರವಾರ, ಅಂಕೋಲಾ ಸೀಮೆಯ 13 ಹಳ್ಳಿಗಳು ಎದ್ದುಹೋದವು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು. ದೋಣಿ ಎಳೆದಿಡುವ ಜಾಗ, ಬಲೆ ಒಣಗಿಸುವ ಮರಳು, ದೇವರ ಕಟ್ಟೆ ಎಲ್ಲ ಬೇಲಿಯೊಳಗೆ ಸೇರಿದವು. ಪರಿಹಾರಕ್ಕಾಗಿ ಕೋರ್ಟು-ಕಚೇರಿ ತಿರುಗುವುದರಲ್ಲೇ ಒಂದು ತಲೆಮಾರು ಹಣ್ಣಾಯಿತು. ದೇಶಕ್ಕೆ ನೌಕಾನೆಲೆ ಬೇಕು, ಒಪ್ಪಿದೆ. ನನ್ನ ತಕರಾರು ಕಣ್ಣೀರಿನ ಹಂಚಿಕೆಯ ಬಗ್ಗೆ. ಆ ಹಳ್ಳಿಗಳ ಒಂದು ಫೋಟೊ ಕೂಡ ನಮ್ಮ ಬಳಗಕ್ಕೆ ಬಿದ್ದಿಲ್ಲ. ಬೀಳುವುದು ಹೇಗೆ? ಅಲ್ಲಿಯ ಮಂದಿ ಮೇ ತಿಂಗಳ ಸೂಟಿಗೆ ಹೋದವರಲ್ಲ. ಅವರ ಹತ್ತಿರ ಕ್ಯಾಮೆರಾ ಇರಲಿಲ್ಲ.

ರವೀಂದ್ರನಾಥ ಟ್ಯಾಗೋರರ ಹೆಸರಿನ ಕಡಲತೀರವೂ ಅಲ್ಲೇ ಇದೆ. 1880ರ ದಶಕದಲ್ಲಿ ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರು. ತಮ್ಮ ಅಲ್ಲಿಗೆ ಬಂದರು, ಕಡಲು ನೋಡಿದರು, ಬರೆದರು. ಅದನ್ನು ಹೇಳುವಾಗ ನಮ್ಮವರ ಎದೆ ಉಬ್ಬುತ್ತದೆ. 2020ರ ಜನವರಿಯಲ್ಲಿ ಅದೇ ದಂಡೆಯಲ್ಲಿ ಬಂದರು ವಿಸ್ತರಣೆಗೆಂದು ಕಲ್ಲು ಸುರಿಯಲು ಹೋದಾಗ ಮೀನುಗಾರರು ನೀರಿಗಿಳಿದು ತಡೆದರು. ಆಗ ನಮ್ಮ ಬಳಗದಲ್ಲಿ ಏನು ನಡೆದಿತ್ತು? ಸಂಕ್ರಾಂತಿಯ ಎಳ್ಳುಬೆಲ್ಲದ ಚಿತ್ರ ಹಂಚಿಕೆ ನಡೆದಿತ್ತು. “ಎಳ್ಳುಬೆಲ್ಲ ತಗೊಂಡು ಛಲೋ ಮಾತಾಡ್ರಿ.” ಮಾತಾಡಲೇ ಇಲ್ಲ.

ಇನ್ನೂ ಹಿಂದಕ್ಕೆ ಹೋಗೋಣವೇ? ಹುಬ್ಬಳ್ಳಿ ಸಾವಕಾರರಿಗೆ ಕಡಲು ಹೊಸದೇನಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಬಂಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. ಬೆಳೆದದ್ದು ನಮ್ಮ ಎರೆ ಹೊಲದಲ್ಲಿ, ಮುಂಬಯಿ ಪೇಟೆಯಲ್ಲಿ ಅದಕ್ಕೆ ಹೆಸರು ‘ಕುಮಟಾ ಹತ್ತಿ’. 1880ರ ದಶಕದಲ್ಲಿ ರೈಲು ಗೋವಾದ ಮಾರ್ಮಗೋವಾ ಬಂದರಿನ ದಾರಿ ತೆರೆಯಿತು. ಹತ್ತಿ ಆ ಕಡೆ ಹೋಯಿತು. ಕುಮಟಾ ಮುಳುಗಿತು. ಗೋವಾ ಕಡೆ ತಿರುಗುವ ಚಾಳಿ ನಮಗೆ ಅಜ್ಜನ ಕಾಲದಿಂದ ಬಂದದ್ದು. 1990ರ ದಶಕದಲ್ಲಿ ಮಂಜೂರಾದ ಹುಬ್ಬಳ್ಳಿ-ಅಂಕೋಲಾ ರೈಲು ಇವತ್ತಿಗೂ ಕಾಗದದ ಮೇಲೆ ಓಡುತ್ತಿದೆ. ಪ್ರತಿ ಚುನಾವಣೆಗೂ ಸಿಳ್ಳೆ ಕೇಳಿಸುತ್ತದೆ. ರೈಲು ಬರುವುದಿಲ್ಲ.

ಸಾಕು, ಘಟ್ಟ ಹತ್ತಿ ಮನೆಗೆ ಬರೋಣ. ಇಲ್ಲಿಯ ಅಳು ಇನ್ನೂ ಸೊಗಸು.

ನಮ್ಮ ಅವಳಿ ನಗರದಲ್ಲಿ ಹಳೆಯ ಹೋಟೆಲೊಂದು ನೆಲಕ್ಕೆ ಬಿದ್ದರೆ ಮೂರು ಘಟ್ಟಗಳಲ್ಲಿ ಶೋಕ ನಡೆಯುತ್ತದೆ. ಮೊದಲು ಫೋಟೊ. ಆಮೇಲೆ ದೋಸೆ. ಕಡೆಗೆ ಬೇಂದ್ರೆ.

ಧಾರವಾಡದಲ್ಲಿ ಕೆಡವಿದ ಪ್ರತಿ ಹೋಟೆಲಿನ ಮೂಲೆಯ ಟೇಬಲ್ಲಿನಲ್ಲೂ ಬೇಂದ್ರೆಯವರು ಕೂತು ಚಾ ಕುಡಿದಿದ್ದಾರೆ. ಸುಭಾಸ ರಸ್ತೆಯಲ್ಲಿ ಕುಡಿದಿದ್ದಾರೆ, ಟಿಕಾರೆ ರಸ್ತೆಯಲ್ಲಿ ಕುಡಿದಿದ್ದಾರೆ, ಲೈನ್ ಬಜಾರಿನಲ್ಲಿ ಕುಡಿದು ಪೇಢೆಯನ್ನೂ ತಿಂದಿದ್ದಾರೆ. 1944ರಿಂದ 1956ರವರೆಗೆ ಅವರು ಸೊಲ್ಲಾಪುರದಲ್ಲಿ ಪಾಠ ಹೇಳುತ್ತಿದ್ದರು. ಆ ಹನ್ನೆರಡು ವರ್ಷವೂ ಬಿಡದೆ ಇಲ್ಲೇ ಚಾ ಕುಡಿದದ್ದಕ್ಕೆ ಕಣ್ಣಾರೆ ಕಂಡ ಸಾಕ್ಷಿಗಳಿದ್ದಾರೆ. ಇಷ್ಟು ಚಾ ಕುಡಿದ ಮನುಷ್ಯ ಕವಿತೆ ಯಾವಾಗ ಬರೆದರು? ಸಾಧನಕೇರಿಯ ದಂಡೆಯಲ್ಲಿ ಅವರ ಮನೆ ಇನ್ನೂ ಇದೆ, ಭವನವೂ ಇದೆ. ಅಲ್ಲಿಗೆ ಹೋಗಿ ಬರ್ರಿ ಅಂದರೆ, “ಅಲ್ಲೇನದ ನೋಡಾಕ?” ಇರುವುದು ಬೇಡ. ಬಿದ್ದದ್ದು ಬೇಕು.

ದೋಸೆಯ ಕಥೆಯೂ ಇದೇ. ಹಳೆಯ ಹೋಟೆಲಿನ ದೋಸೆ ಹೊಗಳಿ ಪುಟಗಟ್ಟಲೆ ಬರೆಯುವವರು ಆ ಹೋಟೆಲಿನ ಕಡೆಯ ಹತ್ತು ವರ್ಷ ಅದರ ಮೆಟ್ಟಿಲು ತುಳಿದಿರಲಿಲ್ಲ. “ಪಾರ್ಕಿಂಗ್ ಇಲ್ರಿ ಅಲ್ಲೆ. ಏಸಿ ಇಲ್ಲ. ಸೊಸಿ ಒಲ್ಲೆ ಅಂತಾಳ.” ದೋಸೆಗೆ ಐದು ರೂಪಾಯಿ ಏರಿಸಿದ ದಿನ ಗಲ್ಲೆಯ ಮುಂದೆ ನಿಂತು ಜಗಳ ತೆಗೆದವರು ಇವರೇ. ಈಗ ಮಾಲಿನಲ್ಲಿ ಚೀಸು ಸುರಿದ ದೋಸೆಗೆ ಇನ್ನೂರು ಕೊಟ್ಟು, ಮೇಲೆ ತೆರಿಗೆ ಕೊಟ್ಟು, ತುಟಿಪಿಟಕ್ಕೆನ್ನದೆ ಬರುತ್ತಾರೆ. ಬಂದು ಹಳೆಯ ದೋಸೆಗೆ ಶ್ರದ್ಧಾಂಜಲಿ ಬರೆಯುತ್ತಾರೆ.

ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಅಳುವವನು ಮಾಲೀಕರ ಮೊಮ್ಮಗ. ಅವನಿರುವುದು ಬೆಂಗಳೂರಿನಲ್ಲಿ, ಇಲ್ಲವೆ ನ್ಯೂಜೆರ್ಸಿಯಲ್ಲಿ. “ಅಜ್ಜನ ಬೆವರಿನ ವಾಸನೆ ಇನ್ನೂ ಆ ಗೋಡೆಗಳಲ್ಲಿದೆ” ಎಂದು ಬರೆಯುತ್ತಾನೆ. ಗೋಡೆ ಎಲ್ಲಿದೆಯಪ್ಪಾ? ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಬಿಲ್ಡರನ ಕೈಗೆ ಕೊಟ್ಟವನು ನೀನೇ. ಅಜ್ಜನ ಬೆವರಿಗೆ ಚದರಡಿ ಲೆಕ್ಕದಲ್ಲಿ ಬೆಲೆ ಕಟ್ಟಿಸಿಕೊಂಡವನು ನೀನೇ. ಮಾರಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ನಷ್ಟದ ಹೋಟೆಲು ನಡೆಸೆಂದು ಹೇಳಲು ನಾನ್ಯಾರು? ಆದರೆ ಮಾರಿದ ದುಡ್ಡು ನಿನಗೆ, ಅಳು ನಮಗೆ ಎಂಬ ವ್ಯಾಪಾರ ಬೇಡ.

ಇನ್ನು ಆ ಸುವರ್ಣಯುಗದ ಒಳಗಡೆ ಒಂದಿಷ್ಟು ಇಣುಕೋಣ. ಫೋಟೊದಲ್ಲಿ ಅಮೃತಶಿಲೆಯ ಟೇಬಲ್ಲು ಕಾಣುತ್ತದೆ. ಅರ್ಧ ಬಾಗಿಲಿನ ಫ್ಯಾಮಿಲಿ ರೂಮು ಕಾಣುತ್ತದೆ. ಹೆಣ್ಣುಮಕ್ಕಳು ಊರಿಗೆ ಕಾಣದಂತೆ ಕೂತು ತಿಂದು ಹೋಗುವ ಆ ಕತ್ತಲೆ ಗೂಡಿನ ಬಗ್ಗೆ, “ಎಷ್ಟು ಮರ್ಯಾದಿ ಇತ್ತು ನೋಡ್ರಿ ಆಗ” ಎಂದು ಒಬ್ಬರು ಬರೆದಿದ್ದರು. ಮರ್ಯಾದೆ ಯಾರದಿತ್ತೋ, ಸೆಕೆ ಮಾತ್ರ ಹೆಣ್ಣುಮಕ್ಕಳದಿತ್ತು.

ಕಾಣದ್ದೂ ಇದೆ. ಈ ನಾಡಿನ ಎಷ್ಟೋ ಹಳೆಯ ಹೋಟೆಲುಗಳಲ್ಲಿ ಮೇಲುಜಾತಿಯವರಿಗೆ ಬೇರೆ ಪಂಕ್ತಿ. ಹೊರಗೆ ನಿಲ್ಲಬೇಕಾದವರಿಗೆ ಬೇರೆ ಬಟ್ಟಲು, ಕುಡಿದ ಮೇಲೆ ತಾವೇ ತೊಳೆದಿಡಬೇಕು. ಇದು ನಾನು ಕಟ್ಟಿದ ಕಥೆಯಲ್ಲ. ಸಂವಿಧಾನದ 15ನೇ ವಿಧಿಯ ಎರಡನೇ ಉಪವಿಧಿ ತೆಗೆದು ಓದಿ. ಅಂಗಡಿ, ಉಪಾಹಾರ ಗೃಹ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ ಇವುಗಳಿಗೆ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದೆಂದು ಹೆಸರು ಹಿಡಿದು ಬರೆದಿದ್ದಾರೆ. ಒಂದು ದೇಶ ತನ್ನ ಸಂವಿಧಾನದಲ್ಲಿ ಹೋಟೆಲಿನ ಹೆಸರೆತ್ತಬೇಕಾಯಿತು. ಅದು ಸಾಲದೆ 1955ರಲ್ಲಿ ಬೇರೆ ಕಾಯಿದೆಯನ್ನೇ ತರಬೇಕಾಯಿತು. ಅಷ್ಟು ಚಂದ ಇತ್ತು ನಿಮ್ಮ ಸುವರ್ಣಯುಗ.

ಇದನ್ನು ಬಳಗದಲ್ಲಿ ಹಾಕಿದೆ. “ಪ್ರತಿಯೊಂದರಾಗೂ ಜಾತಿ ತರಬ್ಯಾಡ್ರಿ” ಎಂಬ ಉತ್ತರ ಬಂತು. ಬರೆದವರ ಹೆಸರಿನ ಮುಂದೆ ಜಾತಿ ಸಂಘದ ಅಧ್ಯಕ್ಷರೆಂಬ ಬಿರುದಿತ್ತು.

ಗಾಯಕಿ ಗಂಗೂಬಾಯಿ ಹಾನಗಲ್ಲರ ಫೋಟೊ ಮಾತ್ರ ಎಲ್ಲರೂ ಹಾಕುತ್ತಾರೆ. ಹುಟ್ಟಿದ ದಿನ ಮಾರ್ಚ್ 5ಕ್ಕೊಮ್ಮೆ, ತೀರಿಕೊಂಡ ದಿನ ಜುಲೈ 21ಕ್ಕೊಮ್ಮೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ ಶುಕ್ರವಾರಪೇಟೆಯಲ್ಲಿ ಬೆಳೆದ ಹುಡುಗಿ. ಪಕ್ಕದವರ ತೋಟದ ಮಾವಿನಹಣ್ಣಿಗೆ ಕೈಹಾಕಿದ್ದಕ್ಕೆ ಹಾಡುವವರ ಮಗಳೆಂದು ಬೈಸಿಕೊಂಡದ್ದನ್ನು ಅವರೇ ಹೇಳಿಕೊಂಡಿದ್ದಾರೆ. ದೊಡ್ಡ ಹೆಸರಾದ ಮೇಲೆ ಅದೇ ಮಂದಿ ಕರೆದು ಊಟಕ್ಕೆ ಹಾಕಿದ್ದನ್ನೂ ಹೇಳಿದ್ದಾರೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಎದುರು ಹಾಡಿದಾಗ ಆ ಹುಡುಗಿಗೆ ಒಂದು ಭಯ ಕಾಡಿತ್ತಂತೆ. ಉಂಡವರ ಎಲೆ ಎತ್ತಲು ತನಗೆ ಹೇಳಿಬಿಟ್ಟರೆ? ಹನ್ನೊಂದು ವರ್ಷದ ಕೂಸಿಗೆ ಆ ಭಯವನ್ನು ಕಲಿಸಿದ ಊರು ನಮ್ಮದು. ಆ ಊರಿನ ಹಳೆಯ ಪಂಕ್ತಿಯ ಊಟಕ್ಕೆ ನಾವೀಗ ಬಾಯಿ ಚಪ್ಪರಿಸುತ್ತಿದ್ದೇವೆ.

ಶುಕ್ರವಾರಪೇಟೆಯ ಅವರ ಮನೆಯನ್ನು ಸರ್ಕಾರ ವಹಿಸಿಕೊಂಡಿತು. ದುರಸ್ತಿ ಮಾಡಿಸಿ ಸ್ಮಾರಕವೆಂದು ಹೆಸರಿಟ್ಟಿತು. ಭಾಷಣ ಆಯಿತು, ಶಾಲು ಆಯಿತು, ಫೋಟೊ ಆಯಿತು. ಆಮೇಲೆ ಕೀಲಿ ಹಾಕಿ ಮರೆಯಿತು. ಮಳೆಗೆ ನೆನೆದು ಗೋಡೆ ಕುಸಿದಾಗ ನಮ್ಮವರೂ ಓಡಿದರು. ಕುಸಿದ ಗೋಡೆಯ ಫೋಟೊ ತೆಗೆಯಲು.

ಕಾನೂನನ್ನು ನಂಬಿ ಕೂರೋಣವೆಂದರೆ ಅದೂ ನಮ್ಮಂಥದೇ. ಕೇಂದ್ರದ 1958ರ ಕಾಯಿದೆಯ ಪ್ರಕಾರ ಸ್ಮಾರಕವೆನಿಸಿಕೊಳ್ಳಲು ಕಟ್ಟಡಕ್ಕೆ ನೂರು ವರ್ಷ ಆಗಿರಬೇಕು. ತೊಂಬತ್ತರ ಕಟ್ಟಡ ಇನ್ನೂ ಹುಡುಗು. ಕೆಡವಬಹುದು. ಹೋಗಲಿ, ಸಾವಿರ ವರ್ಷದ ಆಸುಪಾಸಿನದನ್ನಾದರೂ ಚೆನ್ನಾಗಿಟ್ಟಿದ್ದೇವೆಯೇ? ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಹೋಗಿ. ಚಾಲುಕ್ಯರು ನಾಲ್ಕು ದಿಕ್ಕಿಗೂ ಬಾಗಿಲಿಟ್ಟರು. ನಾವು ನಾಲ್ಕು ದಿಕ್ಕಿಗೂ ಮನೆ ಕಟ್ಟಿದೆವು. ಶಿವನಿಗೆ ಈಗ ಕಾಣುವುದು ಯಾರದೋ ಹಿತ್ತಲು.

ನೆನಪಿನ ಬಗ್ಗೆ ಇಷ್ಟು ಮಮಕಾರ ಇರುವ ಊರು ಕಣ್ಣೆದುರಿನದನ್ನು ಹೇಗೆ ನೋಡಿಕೊಳ್ಳುತ್ತದೆ? ಹುಬ್ಬಳ್ಳಿ-ಧಾರವಾಡ ನಡುವಿನ ದಾರಿಯ ಮರಗಳನ್ನು ಬಿಆರ್‌ಟಿಎಸ್‌ಗಾಗಿ ಕಡಿದರು. 2018ರಲ್ಲಿ ಚಿಗರಿ ಬಸ್ಸು ಓಡತೊಡಗಿತು. ಮರ ಕಡಿಯುವಾಗ ಬೀದಿಗಿಳಿದವರು ಬೆರಳೆಣಿಕೆ. ಈಗ “ಆ ನೆರಳಿನ ದಾರಿ” ಎಂಬ ಶೀರ್ಷಿಕೆಯ ಫೋಟೊಕ್ಕೆ ಮೆಚ್ಚುಗೆ ಲೆಕ್ಕವಿಲ್ಲ. ಬಸ್ಸುಗಳಿಗೂ ಆಗಲೇ ಮುಪ್ಪು ಬಂದಿದೆ, ಅದೇ ದಾರಿಗೆ ಬೇರೆ ಬಂಡಿ ತರುವ ಮಾತು ನಡೆದಿದೆ. ಚಿಗರಿಯ ಫೋಟೊ ತೆಗೆದಿಟ್ಟುಕೊಳ್ಳಿ, ಅಳಲು ಬೇಕಾಗುತ್ತದೆ.

ಹುಬ್ಬಳ್ಳಿಯ ಹಳೇ ಬಸ್‌ಸ್ಟ್ಯಾಂಡನ್ನು ಕೆಡವಿ ಹೊಸದಾಗಿ ಕಟ್ಟಿದರು. 2025ರಲ್ಲಿ ಉದ್ಘಾಟನೆ ಆಯಿತು. ಅದೇ ವರ್ಷ ಮೇಲ್ಸೇತುವೆ ಕೆಲಸಕ್ಕೆಂದು ಅದಕ್ಕೆ ಬೀಗ ಬಿತ್ತು. ಹೊಸದು ಹಳೆಯದಾಗಲು ನಾವು ನೂರು ವರ್ಷ ಕಾಯುವವರಲ್ಲ. ಅತ್ತ ರೈಲು ನಿಲ್ದಾಣದಲ್ಲಿ ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರಂ ಇದೆ, 1507 ಮೀಟರ್. ಒಂದು ತುದಿಯಲ್ಲಿ ಸೆಲ್ಫಿ ತೆಗೆದುಕೊಂಡು ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಅದೂ ನೆನಪಾಗಿರುತ್ತದೆ.

ಮಾಣಿಯ ಮಾತು ಇನ್ನೂ ಬಂದಿಲ್ಲ. ಬಳಗದಲ್ಲಂತೂ ಬರುವುದೇ ಇಲ್ಲ.

ಹುಬ್ಬಳ್ಳಿಗೆ ಕಡಲು ಬಂದದ್ದಿದ್ದರೆ ಅವನ ರೂಪದಲ್ಲಿ ಬಂತು. ದಕ್ಷಿಣ ಕನ್ನಡ, ಉತ್ತರ ಕನ್ನಡದ ಕರಾವಳಿ ಊರುಗಳಿಂದ ಹತ್ತು-ಹನ್ನೆರಡರ ಹುಡುಗರು ಬಸ್ಸು, ಲಾರಿ ಹತ್ತಿ ಬಂದರು. 1923ರ ದೊಡ್ಡ ನೆರೆಯಂಥ ಹೊಡೆತಗಳು ಮನೆಗಳನ್ನು ಖಾಲಿ ಮಾಡಿಸಿದ್ದವು. ಹೊಟ್ಟೆಗಿಲ್ಲದವರು ಮುಂಬಯಿ, ಮದರಾಸು, ಹುಬ್ಬಳ್ಳಿ ಎಂದು ಚದುರಿದರು. ಕಡಂದಲೆಯ ಕೃಷ್ಣರಾಯರು ಮದರಾಸಿನ ಅಡುಗೆಮನೆಯ ಕೆಲಸದಿಂದ ಮೇಲೆದ್ದು ವುಡ್‌ಲ್ಯಾಂಡ್ಸ್ ಹೋಟೆಲು ಕಟ್ಟಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಒಬ್ಬ ಕೃಷ್ಣರಾಯರ ಕಥೆಯ ಹಿಂದೆ ಪಾತ್ರೆ ತೊಳೆಯುತ್ತಲೇ ಮುದುಕರಾದವರ ಕಥೆ ಯಾರೂ ಹೇಳುವುದಿಲ್ಲ. ನಸುಕಿನಲ್ಲಿ ಎದ್ದು ಒಲೆ ಹಚ್ಚುವುದು, ಸರಿರಾತ್ರಿ ನೆಲ ಒರೆಸಿ ಅದೇ ಟೇಬಲ್ಲುಗಳ ನಡುವೆ ಮಲಗುವುದು. ತಪ್ಪಿ ಗ್ಲಾಸು ಒಡೆದರೆ ಸಂಬಳದಲ್ಲಿ ಕಡಿತ, ಕೆನ್ನೆಗೆ ಬಿದ್ದದ್ದು ಉಚಿತ. ಹದಿನಾಲ್ಕರ ಒಳಗಿನ ಮಕ್ಕಳು ಹೋಟೆಲಿನಲ್ಲಿ ದುಡಿಯಬಾರದೆಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಅಂದರೆ ನಾವು ಹಂಬಲಿಸುವ ದೋಸೆಯಲ್ಲಿ ಬಹುಪಾಲು ನಮ್ಮ ಟೇಬಲ್ಲಿಗೆ ಬಂದದ್ದು ಕೂಸುಗಳ ಕೈಯಿಂದ.

“ಆಗಿನ ಮಾಣಿ ಎಷ್ಟು ಚುರುಕಿದ್ದ! ಏಳು ಪ್ಲೇಟು ಒಂದೇ ಕೈಯಾಗ ತರ್ತಿದ್ದ.” ಹೌದು. ಅವನ ಹೆಸರೇನು? ಮೆನುವಿನ ಕ್ರಮ, ಚಟ್ನಿಯ ಬಣ್ಣ, ಗಲ್ಲೆಯ ಮೇಲಿನ ಊದುಬತ್ತಿಯ ವಾಸನೆ ಎಲ್ಲ ನೆನಪಿದೆ. ಹೆಸರು ಯಾರಿಗೂ ನೆನಪಿಲ್ಲ. ಕೇಳಿದ್ದರಲ್ಲವೇ ನೆನಪಿರಲು.

ಈಗ ಬಳಗದವರು ಸೇರಿ ಹಳೆಯ ಹೋಟೆಲುಗಳ ಫೋಟೊಗಳದೊಂದು ಕ್ಯಾಲೆಂಡರ್ ಮಾಡುತ್ತಿದ್ದಾರೆ. ಹಿರಿಯರ ಸಮಿತಿಯೊಂದು ಕೂತು ಫೋಟೊಗಳಿಗೆ ಅಡಿಬರಹ ಬರೆಯುತ್ತಿದೆ. ಜನವರಿ ಪುಟದ ಕರಡು ನನಗೂ ಬಂದಿತ್ತು. ಹುಬ್ಬಳ್ಳಿಯ ಹೋಟೆಲೊಂದರ ಒಳಭಾಗ. ಎಡದಿಂದ ಬಲಕ್ಕೆ ಕೂತವರ ಹೆಸರುಗಳಿವೆ: ಒಬ್ಬ ವಕೀಲರು, ಒಬ್ಬ ಡಾಕ್ಟರು, ಇಬ್ಬರು ಹತ್ತಿ ಸಾವಕಾರರು. ಅವರ ಹಿಂದೆ, ಹೆಗಲ ಮೇಲೆ ಒರೆಸುವ ಬಟ್ಟೆ ಹಾಕಿಕೊಂಡು ಒಬ್ಬ ಹುಡುಗ ನಿಂತಿದ್ದ. ಕ್ಯಾಮೆರಾವನ್ನೇ ನೋಡುತ್ತಿದ್ದ.

ಅಂತಿಮ ಪ್ರತಿ ಮೊನ್ನೆ ಬಂತು. ಹುಡುಗ ಇಲ್ಲ. ಏನಾತ್ರಿ ಎಂದು ಕೇಳಿದೆ.

“ಅಲ್ಲೆ ಪ್ರಾಯೋಜಕರ ಲಾಂಛನ ಬರಬೇಕಿತ್ರಿ. ಜಾಗಾ ಸಾಲಲಿಲ್ಲ.”

ಪ್ರಾಯೋಜಕರು ಯಾರೆಂದು ನೋಡಿದೆ. ಆ ಹೋಟೆಲು ಕೆಡವಿ ಕಾಂಪ್ಲೆಕ್ಸು ಕಟ್ಟಿದವರೇ. ಬಿಡುಗಡೆ ಸಮಾರಂಭವೂ ಅದೇ ಕಾಂಪ್ಲೆಕ್ಸಿನ ನಾಲ್ಕನೇ ಮಹಡಿಯಲ್ಲಂತೆ. ಆಮಂತ್ರಣದ ಕೆಳಗೆ ದಪ್ಪ ಅಕ್ಷರದಲ್ಲಿದೆ: ಪಾರ್ಕಿಂಗ್ ವ್ಯವಸ್ಥೆ ಇದೆ.